13 ಅರ್ಜಿ ಕೆಟ್ಟ ಮೇಲೆ ಬೋಡಿನ್ ಸೀಟು: ನನ್ನ ಅನುಭವ

"ಅಮೆರಿಕ ಆಮೇಲೆ ನೋಡೋಣ, ಮೊದಲು ಸಿಇಟಿಯಲ್ಲಿ ಸಿಕ್ಕಿದ ಸೀಟು ಉಳಿಸ್ಕೋ ಮಾರಾಯ" ಅಂತ ಚಿಕ್ಕಪ್ಪ 2023ರಲ್ಲಿ ಹೇಳಿದ್ದರು. ನಾನು ಉಳಿಸಿಕೊಳ್ಳಲಿಲ್ಲ. ಊರಲ್ಲಿ ಒಂದು ವರ್ಷ ನನ್ನನ್ನು ನೋಡಿದವರೆಲ್ಲ "ಈಗ ಏನ್ ಮಾಡ್ಕೊಂಡಿದ್ದೀಯಾ?" ಅಂತ ಕೇಳಿದರು. ಅಡಿಕೆ ಸುಲೀತಿದ್ದೀನಿ ಅಂತಿದ್ದೆ. ಸುಳ್ಳೂ ಆಗಿರಲಿಲ್ಲ.

ಕಾಮನ್ ಆ್ಯಪ್ (ಹಲವು ಕಾಲೇಜಿಗೆ ಸೇರಿ ಒಂದೇ ಆನ್‌ಲೈನ್ ಅರ್ಜಿ), ಸಿಎಸ್‌ಎಸ್ ಪ್ರೊಫೈಲ್ (ನೆರವು ಕೇಳುವವರು ಮನೆಯ ಆದಾಯ, ಆಸ್ತಿ ತುಂಬುವ ಫಾರಂ) ಬಗ್ಗೆ ಇಲ್ಲಿ ಹೆಚ್ಚು ಬರೆಯಲ್ಲ. ಇದನ್ನು ಓದುವವರು ಅದೆಲ್ಲ ದಾಟಿ ಬಂದಿರುತ್ತಾರೆ. ಅಮೆರಿಕದ ಬೋಡಿನ್ ಕಾಲೇಜಲ್ಲಿ ಸೀಟು ಸಿಗೋ ಮೊದಲು ನಾನು ಎಲ್ಲೆಲ್ಲಿ ಎಡವಿದೆ, ಎಷ್ಟು ಕಳೆದುಕೊಂಡೆ ಅಂತ ಹೇಳುತ್ತೇನೆ.

ಮೊದಲ ಸಲ ಅರ್ಜಿ ಹಾಕಿದ್ದು ಎರಡನೇ ಪಿಯು ಓದುವಾಗ, 2022ರ ಕೊನೆಗೆ. 13 ಕಾಲೇಜು. ಪಟ್ಟಿ ಮಾಡಿಕೊಟ್ಟಿದ್ದು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ, ಅವರ ಫೀಸು 60 ಸಾವಿರ. ಅರ್ಜಿ ಫೀ ಒಂದೊಂದು ಕಡೆ 75ರಿಂದ 85 ಡಾಲರ್. ಸಿಎಸ್‌ಎಸ್‌ಗೆ ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೆ 16. ಅಮೆರಿಕದ ಕಾಲೇಜು ಸೇರೋಕೆ ಬರೆಯುವ ಸ್ಯಾಟ್ ಪರೀಕ್ಷೆಗೆ ಎಂಟೂವರೆ ಸಾವಿರ. ಎಲ್ಲ ಸೇರಿ ಒಂದೂವರೆ ಲಕ್ಷ ದಾಟಿತು. ಅಂದರೆ ಆಗಿನ ರೇಟಲ್ಲಿ ಹೆಚ್ಚುಕಮ್ಮಿ ಮೂರು ಕ್ವಿಂಟಲ್ ರಾಶಿ ಅಡಿಕೆ. ಅಪ್ಪ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಆಗ ನಾನೊಂದು ಲೆಕ್ಕ ಹಾಕಿದ್ದೆ. ಒಂದೊಂದು ಕಾಲೇಜಲ್ಲೂ ನೂರಕ್ಕೆ 5 ಜನಕ್ಕೆ ಸೀಟು ಅಂದುಕೊಳ್ಳಿ. ಪಿಯು ಗಣಿತದ ಸಂಭವನೀಯತೆ ಪಾಠದ ಪ್ರಕಾರ 13 ಕಡೆ ಹಾಕಿದರೆ ಎಲ್ಲಾದರೂ ಒಂದು ಸಿಗುವ ಸಾಧ್ಯತೆ ಹತ್ತಿರಹತ್ತಿರ ಅರ್ಧಕ್ಕೆ ಅರ್ಧ. ಹಾಳೆಯಲ್ಲಿ ಬರೆದು ಅಮ್ಮನಿಗೆ ತೋರಿಸಿದ್ದೆ ಕೂಡ. ಎರಡು ತಪ್ಪು ಮಾಡಿದ್ದೆ. ಆ 5 ಅನ್ನೋದು ಅಮೆರಿಕದ ಮಕ್ಕಳೂ ಸೇರಿದ ಅಂಕಿ. ಎಂಐಟಿಯನ್ನೇ ನೋಡಿ, ಒಟ್ಟು ಲೆಕ್ಕ ಶೇ 4-5, ವಿದೇಶದವರದ್ದು ಮಾತ್ರ ಶೇ 2ರ ಆಸುಪಾಸು. ಎರಡನೇದು ಇನ್ನೂ ದೊಡ್ಡ ತಪ್ಪು. 13 ಸಲ ದಾಳ ಹಾಕಿದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಇಲ್ಲಿ ಹಾಗಲ್ಲ. ಅದೇ ಪ್ರಬಂಧ, ಅದೇ ಶಿಫಾರಸು ಪತ್ರ, ಅದೇ ಆಸ್ತಿ ಲೆಕ್ಕ 13 ಕಡೆಗೂ ಹೋಗುತ್ತದೆ. ಒಂದು ಕಡೆ ಕೆಟ್ಟರೆ ಎಲ್ಲ ಕಡೆ ಕೆಟ್ಟ ಹಾಗೆ.

ಕೆಟ್ಟಿತು. 11 ಕಡೆ ಇಲ್ಲ ಅಂದರು. ಒಂದು ಕಡೆ ವೇಟ್‌ಲಿಸ್ಟ್. ಇನ್ನೊಂದು ಕಡೆ ಸೀಟು ಸಿಕ್ಕಿತು, ಸ್ಕಾಲರ್‌ಶಿಪ್ ಕಳೆದು ವರ್ಷಕ್ಕೆ 28 ಲಕ್ಷ ಕಟ್ಟಬೇಕಿತ್ತು. ಅಪ್ಪ ಪತ್ರವನ್ನು ಎರಡು ಸಲ ಓದಿಸಿಕೊಂಡು ತೋಟಕ್ಕೆ ಹೋದರು.

ಯಾಕೆ ಕೆಟ್ಟಿತು ಅಂತ ತಿಳಿಯೋಕೆ ಎರಡು ತಿಂಗಳು ಬೇಕಾಯಿತು. ಕನ್ಸಲ್ಟೆನ್ಸಿಯವರು ಹಾಕಿಸಿದ ಕಾಲೇಜುಗಳಲ್ಲಿ ಹೆಚ್ಚಿನವು ವಿದೇಶಿ ಮಕ್ಕಳು ದುಡ್ಡು ಕೇಳಿದ್ದಾರಾ ಅಂತ ನೋಡಿಯೇ ತೀರ್ಮಾನ ಮಾಡುವಂಥವು. ಪೂರ್ತಿ ನೆರವು ಕೇಳಿದವನು ಅಲ್ಲಿ ಮೊದಲೇ ಹಿಂದೆ ಬೀಳುತ್ತಾನೆ. ನೀಡ್-ಬ್ಲೈಂಡ್ ಅಂದರೆ ದುಡ್ಡಿನ ವಿಷಯ ನೋಡದೆ ಸೀಟು ಕೊಡುವವರು. ವಿದೇಶದವರಿಗೂ ಹಾಗೆ ಮಾಡುವ ಕಾಲೇಜುಗಳು ಕೈಬೆರಳಲ್ಲಿ ಎಣಿಸುವಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್. 2022ರಲ್ಲಿ ಡಾರ್ಟ್‌ಮೌತ್, ಬೋಡಿನ್ ಸೇರಿದವು. ಬ್ರೌನ್ ಸೇರಿದ್ದು ನನ್ನ ಸರದಿ ಮುಗಿದ ಮೇಲೆ. ಬೋಡಿನ್ ಅನ್ನೋ ಹೆಸರನ್ನು ನಮ್ಮ ಕನ್ಸಲ್ಟೆನ್ಸಿ ಒಂದು ಸಲವೂ ಎತ್ತಿರಲಿಲ್ಲ.

ಈಗ ಆಸ್ತಿ ಲೆಕ್ಕ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ರೈತರ ಮಕ್ಕಳು ಜಾಸ್ತಿ ಎಡವೋದು ಇಲ್ಲೇ. ಮೊದಲ ಸಲ ಆಸ್ತಿ ಎಷ್ಟು ಅಂತ ಕೇಳಿದ ಜಾಗದಲ್ಲಿ ಎರಡೂವರೆ ಎಕರೆ ತೋಟಕ್ಕೆ ಊರಿನ ಮಾರ್ಕೆಟ್ ರೇಟ್ ಹಾಕಿ 70 ಲಕ್ಷ ಅಂತ ಬರೆದಿದ್ದೆ. ಡಾಲರಲ್ಲಿ ಓದುವವನಿಗೆ ನಾವು ಜಮೀನ್ದಾರರು! ಎರಡನೇ ಸಲ ಪಹಣಿ ಎದುರಿಗೆ ಇಟ್ಟುಕೊಂಡು ಕೂತೆ. ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಇನ್ನೂ ಅಜ್ಜನ ಹೆಸರೇ ಇತ್ತು. ಪಾಲಾಗಿಲ್ಲ, ಮೂರು ಜನ ಗಂಡುಮಕ್ಕಳು, ಹಿಂದೆ ಸೊಸೈಟಿ ಸಾಲ ಬೇರೆ. ಅಪ್ಪನ ಪಾಲು ಎಷ್ಟೋ ಅಷ್ಟನ್ನೇ ಹಾಕಿದೆ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಂದೆ. ಪಹಣಿಯನ್ನು ಇಂಗ್ಲಿಷಿಗೆ ಮಾಡಿ ನೋಟರಿ ಹಾಕಿಸಿದೆ. ನಮ್ಮಲ್ಲಿ ಐಟಿ ರಿಟರ್ನ್ ಇಲ್ಲ, ಯಾಕಿಲ್ಲ ಅಂತ ಒಂದು ಪುಟದ ಪತ್ರ ಬರೆದೆ. ಅದರ ಎರಡನೇ ಪ್ಯಾರಾ ಒಂದೇ ಇಡೀ ಅರ್ಜಿಯಲ್ಲಿ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ನಂಬಿಕೆ. ಅದರಲ್ಲಿ ಏನಿತ್ತು ಅಂತ ಮಾತ್ರ ಇಲ್ಲಿ ಹೇಳಲ್ಲ, ಚಿಕ್ಕಪ್ಪನ ಮಗಳಿಗೆ ಎತ್ತಿಟ್ಟಿದ್ದೀನಿ. ಸುಳ್ಳಂತೂ ಒಂದು ಸಾಲೂ ಬರೆದಿಲ್ಲ.

ಶಿಫಾರಸು ಪತ್ರದ ಕಥೆ ಕೇಳಿ. ಮೊದಲ ವರ್ಷ ಕಾಲೇಜಿನಿಂದ ಹೋಗಿದ್ದು ನಾಲ್ಕು ಸಾಲು. ಸಿನ್ಸಿಯರ್, ಒಬಿಡಿಯೆಂಟ್, ಒಳ್ಳೆ ಭವಿಷ್ಯ ಹಾರೈಸುತ್ತೇನೆ, ಸಹಿ. ಅದಕ್ಕೂ ಮೊದಲು ಕಾಲೇಜಿನವರು ಕಾಮನ್ ಆ್ಯಪ್‌ನ ಮೇಲ್ ನೋಡಿ ಇದು ಯಾವುದೋ ಮೋಸದ ಲಿಂಕು ಅಂತ ಡಿಲೀಟ್ ಮಾಡಿದ್ದರು. ತಪ್ಪು ಅವರದ್ದಲ್ಲ, ಮುಂಚೆ ಯಾರೂ ಕೇಳಿರಲಿಲ್ಲ. ಎರಡನೇ ಸಲ ಕೆಮಿಸ್ಟ್ರಿ ಮೇಡಂ ಮನೆಗೇ ಹೋದೆ. "ಮೇಡಂ, ಆ ಕತ್ತಿ ಪ್ರಯೋಗ ನೆನಪಿದೆಯಾ?" ಅಂತ ಕೇಳಿದೆ. ಅವರು ನಕ್ಕರು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದು ಗೊತ್ತಲ್ಲ. 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ಸರಿಯಾಗಿದೆಯಾ ನೋಡೋಕೆ ಕತ್ತಿ ಅದ್ದಿ ತೆಗೆಯುತ್ತಾರೆ, ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು. ನಾನು ಪಿಯು ಲ್ಯಾಬಲ್ಲಿ ಪಿಎಚ್ ಪೇಪರ್ ಜೊತೆ ಕತ್ತಿಯನ್ನೂ ಅದ್ದಿ, ಯಾವ ಪಿಎಚ್‌ಗೆ ಬಣ್ಣ ಹತ್ತೋದು ನಿಲ್ಲುತ್ತದೆ ಅಂತ ಬರೆದಿಟ್ಟಿದ್ದೆ. ಲ್ಯಾಬ್ ಮೇಜು ನೀಲಿಯಾಗಿ ಬೈಸಿಕೊಂಡಿದ್ದೆ ಕೂಡ. ಮೇಡಂ ಅದನ್ನೇ ಒಂದೂವರೆ ಪುಟ ಬರೆದರು, ಮೇಜಿನ ಕಥೆ ಸೇರಿಸಿ.

ಚಟುವಟಿಕೆ ಪಟ್ಟಿಗೂ ಅದೇ ಗತಿ. 10 ಜಾಗ, ಒಂದೊಂದಕ್ಕೆ 150 ಅಕ್ಷರ. ಮೊದಲ ಸಲ ಹತ್ತನ್ನೂ ತುಂಬಿಸಿದ್ದೆ. ಎನ್‌ಎಸ್‌ಎಸ್, ಕ್ವಿಜ್, ಭಾಷಣ ಸ್ಪರ್ಧೆ. ಎರಡನೇ ಸಲ ಆರೇ ಬರೆದೆ. ಮೊದಲನೇದು ಅಜ್ಜನ ಮಳೆ ಪುಸ್ತಕ. ಅಜ್ಜ ಹಳೇ ಡೈರಿಗಳಲ್ಲಿ ದಿನಾ ಇಂಚಲ್ಲಿ ಮಳೆ ಬರೆದಿಡುತ್ತಿದ್ದರು. ನಾನು 22 ವರ್ಷದ್ದನ್ನು ಮಿಲಿಮೀಟರಿಗೆ ಇಳಿಸಿ, ಯಾವ ವರ್ಷ ಯಾವಾಗ ಔಷಧಿ ಹೊಡೆದರು, ಎಷ್ಟು ಕಾಯಿ ಉದುರಿತು ಅಂತ ಪಕ್ಕದಲ್ಲಿ ಹಾಕಿದೆ. ದೊಡ್ಡ ಸಂಶೋಧನೆ ಏನಲ್ಲ. 650 ಪದದ ಮುಖ್ಯ ಪ್ರಬಂಧವೂ ಅದರ ಮೇಲೇ. ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ತಂದೆ. ನೇರ ಇಂಗ್ಲಿಷಲ್ಲಿ ಬರೆದಾಗ ನಾನು ಕನ್ಸಲ್ಟೆನ್ಸಿಯವರ ಹಾಗೆ ಮಾತಾಡುತ್ತಿದ್ದೆ.

ಸುಮ್ನೆ ಒಂದು ಪ್ರಯೋಗ ಅಂತ 14 ಕಾಲೇಜಿಗೆ ಮೇಲ್ ಹಾಕಿ, ಸಿಎಸ್‌ಎಸ್ ಫೀ ಮಾಫಿ ಕೋಡ್ ಕೊಡ್ತೀರಾ ಅಂತ ಕೇಳಿದೆ. ಒಂಬತ್ತೋ ಹತ್ತೋ ಉತ್ತರ ಬಂದವು, ಆರು ಕಡೆ ಕೋಡ್ ಸಿಕ್ಕಿತು. ಹಿಂದಿನ ವರ್ಷ ಕಟ್ಟಿದ್ದನ್ನು ನೆನೆದು ಹೊಟ್ಟೆ ಉರಿಯಿತು. ಬೋಡಿನ್‌ನಲ್ಲಿ ನೆರವು ಕೇಳುವವರಿಗೆ ಅರ್ಜಿ ಫೀಯೇ ಇಲ್ಲ. ಮನೆಯಲ್ಲಿ ಕೂತು ಬರೆಯುವ ಇಂಗ್ಲಿಷ್ ಪರೀಕ್ಷೆ ಮಾತ್ರ ಎರಡು ಸಲ ಬರೆದೆ. ಮೊದಲನೇ ಸಲ ಅರ್ಧಕ್ಕೆ ಅಜ್ಜಿ ಬಾಗಿಲು ತೆಗೆದು "ಪುಟ್ಟಾ, ಕಾಫಿ ಬೇಕೇನೋ?" ಅಂದರು. ಕ್ಯಾಮೆರಾದಲ್ಲಿ ಇನ್ನೊಬ್ಬರು ಕಂಡರೆ ಮುಗಿಯಿತು, ಫಲಿತಾಂಶ ಬರಲಿಲ್ಲ. ಎರಡನೇ ಸಲ ಶಿವಮೊಗ್ಗದ ಅತ್ತೆ ಮನೆಯಲ್ಲಿ ಒಳಗಿಂದ ಚಿಲಕ ಹಾಕಿಕೊಂಡು ಬರೆದೆ. ಎರಡನೇ ವರ್ಷದ ಒಟ್ಟು ಖರ್ಚು 25 ಸಾವಿರದ ಒಳಗೇ.

ಸ್ಯಾಟ್ ಮೊದಲು 1380, ಎರಡನೇ ಸಲ 1510. ಬೋಡಿನ್‌ಗೆ ಅಂಕ ಕಳಿಸಲೇಬೇಕು ಅಂತಿಲ್ಲ, ನಾನು ಕಳಿಸಿದೆ. ಎಂಐಟಿಗೆ ಹಾಕುವವರಿಗೆ ಈಗ ಆ ಆಯ್ಕೆ ಇಲ್ಲ.

ಕೊನೆಗೆ ಬೋಡಿನ್‌ಗೆ ಅರ್ಲಿ ಡಿಸಿಷನ್, ಅಂದರೆ ಒಂದೇ ಕಾಲೇಜಿಗೆ ಮುಂಚಿತವಾಗಿ ಹಾಕುವ ಅರ್ಜಿ. ಸಿಕ್ಕರೆ ಬರುತ್ತೇನೆ ಅಂತ ನಾನು, ಅಪ್ಪ, ಪ್ರಿನ್ಸಿಪಾಲರು ಮೂರೂ ಜನ ಸಹಿ ಹಾಕಬೇಕು. ದುಡ್ಡಿಲ್ಲದವರು ಅರ್ಲಿ ಹಾಕಬಾರದು ಅಂತ ಎಲ್ಲರೂ ಹೆದರಿಸಿದರು. ನನ್ನ ಲೆಕ್ಕ ಬೇರೆ ಇತ್ತು. ನೀಡ್-ಬ್ಲೈಂಡ್ ಕಡೆ ಹೆದರೋದು ಯಾಕೆ? ಅವರು ಕೊಡುವ ನೆರವು ಸಾಲದಿದ್ದರೆ ಬಿಡಿಸಿಕೊಳ್ಳಬಹುದು. 2023ರ ನವೆಂಬರ್ 15 ಕೊನೇ ದಿನ, ಎರಡು ದಿನ ಮೊದಲೇ ಕಳಿಸಿದೆ.

ಡಿಸೆಂಬರ್ ಮಧ್ಯದಲ್ಲಿ ಫಲಿತಾಂಶ. ಬೆಳಗಿನ ಜಾವ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಬೆರಳಿಗೆಲ್ಲ ಚೊಗರು ಹತ್ತಿ ಫೋನ್ ತೆರೆಯಲೇ ಇಲ್ಲ, ಅಮ್ಮ ಸೆರಗಲ್ಲಿ ಒರೆಸಿಕೊಟ್ಟರು. ಪತ್ರ ಓದಿದ ಮೇಲೂ ನಾನು ನೋಡಿದ್ದು ಕೆಳಗಿನ ಅಂಕಿ. ಅಲ್ಲಿನ ಒಟ್ಟು ಖರ್ಚು ವರ್ಷಕ್ಕೆ 85 ಸಾವಿರ ಡಾಲರ್ ದಾಟುತ್ತದೆ. ನಮ್ಮ ಪಾಲು ಒಂದೂವರೆ ಲಕ್ಷ ರೂಪಾಯಿ ಹತ್ತಿರ, ಸಾಲ ಇಲ್ಲ. ಅಂದರೆ ಹಿಂದಿನ ವರ್ಷ ಅರ್ಜಿಗಳಿಗೇ ಹಾಕಿದಷ್ಟು ದುಡ್ಡು.

ಆಗ ವೀಸಾಕ್ಕೆ 185 ಡಾಲರ್, ಸೆವಿಸ್‌ಗೆ (ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ) 350. ಚೆನ್ನೈಯಲ್ಲಿ ಸಂದರ್ಶನ ಎರಡೇ ನಿಮಿಷ. ಅಪ್ಪ ಏನು ಮಾಡುತ್ತಾರೆ ಅಂದರು, ಅಡಿಕೆ ಅಂದೆ. ಅಡಿಕೆ ಅಂದರೇನು ಅಂದರು. ಹೇಳಿದೆ. 2025ರ ಮೇ ಕೊನೆಗೆ ಹೊಸ ಸ್ಲಾಟ್ ಕೊಡೋದನ್ನೇ ಕೆಲವು ವಾರ ನಿಲ್ಲಿಸಿದ್ದರು, ಈಗ ಸೋಷಿಯಲ್ ಮೀಡಿಯಾ ಖಾತೆಗಳನ್ನೂ ತೆರೆದಿಡಬೇಕು. ಆ ವಿಷಯದಲ್ಲಿ ನನ್ನ ಅನುಭವ ಹಳೆಯದಾಯಿತು.

ಈಗ ಚಿಕ್ಕಪ್ಪನ ಮಗಳ ಸರದಿ. "ಅವಳದ್ದೂ ನೀನೇ ನೋಡ್ಕೋಬೇಕು ಕಣೋ" ಅಂತ ಚಿಕ್ಕಪ್ಪನೇ ಫೋನ್ ಮಾಡಿದರು. ಈ ನಡುವೆ ಅಜ್ಜ ಹೋದರು, ಪೌತಿ ಖಾತೆ ಆಗಿ, ಅಂದರೆ ಜಮೀನು ವಾರಸುದಾರರ ಹೆಸರಿಗೆ ಬಂದು, ಮೂರು ಪಹಣಿ ಆಗಿದೆ. ನನ್ನ ಪತ್ರ ಅವಳಿಗೆ ಹಾಗೇ ನಡೆಯಲ್ಲ. ಸೊಸೈಟಿ ಸಾಲ ಯಾರ ಪಾಲಿಗೆ ಬಂತು ಅಂತ ಕೇಳಿದ್ದೀನಿ, ಚಿಕ್ಕಪ್ಪ ಇನ್ನೂ ಹೇಳಿಲ್ಲ.