ಆ ಸೈಟಿನಲ್ಲಿ ನಿಮ್ಮ ಆರ್‌ವಿ ಹಿಡಿಸುತ್ತದೆಯೇ? ಅಳೆದು, ಬುಕ್ ಮಾಡಿ, ನಿಲ್ಲಿಸುವ ಕ್ರಮ

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಕ್ಯಾಂಪ್‌ಸೈಟ್ ಹುಡುಕುವವರು ದಿನಾಂಕ ನೋಡುತ್ತಾರೆ, ದರ ನೋಡುತ್ತಾರೆ, ಶೌಚಾಲಯ ಎಷ್ಟು ದೂರ ಎಂದು ನೋಡುತ್ತಾರೆ. 'ವಾಹನದ ಗರಿಷ್ಠ ಉದ್ದ' ಎಂಬ ಸಾಲನ್ನು ಮಾತ್ರ ಗಮನಿಸುವುದಿಲ್ಲ. ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಎಲ್ಲರೂ ಒಟ್ಟಿಗೆ ಹೋಗೋಣ ಎಂದು ದೊಡ್ಡ ಆರ್‌ವಿ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಮನೆಗಾಡಿ) ಬಾಡಿಗೆಗೆ ಹಿಡಿಯುವ ಕುಟುಂಬಗಳಿಗೆ ಆ ಸಾಲೇ ಎಲ್ಲಕ್ಕಿಂತ ಮುಖ್ಯ. ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್‌ನಲ್ಲಿ ಮೋಟರ್‌ಹೋಮ್‌ಗೆ (ತಾನೇ ಓಡುವ ಮನೆಗಾಡಿ) 35 ಅಡಿ, ಟ್ರೈಲರ್‌ಗೆ (ಬೇರೆ ವಾಹನ ಎಳೆಯುವ ಮನೆಗಾಡಿ) 24 ಅಡಿ ಮಿತಿ. ಅದೇ ಕಣಿವೆಯ ಲೋವರ್ ಪೈನ್ಸ್‌ನಲ್ಲಿ 40 ಮತ್ತು 35. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನ ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ 30 ಅಡಿ. ಅದರ ಮಗ್ಗುಲಲ್ಲೇ ಇರುವ ಟ್ರೈಲರ್ ವಿಲೇಜ್‌ನಲ್ಲಿ 50 ಅಡಿಯ ವಾಹನವೂ ನಿಲ್ಲುತ್ತದೆ.

ಈ ಮಿತಿಗಳನ್ನು ಯಾರೋ ಮನಸ್ಸಿಗೆ ಬಂದಂತೆ ಬರೆದಿಟ್ಟದ್ದಲ್ಲ. 1930ರ ದಶಕದ ಆರಂಭದಲ್ಲಿ ಇ. ಪಿ. ಮೈನೆಕಿ ಎಂಬ ಸಸ್ಯರೋಗ ತಜ್ಞರು, ಕಾರುಗಳು ಎಲ್ಲೆಂದರಲ್ಲಿ ನುಗ್ಗಿ ಮಣ್ಣು ಗಟ್ಟಿಯಾಗಿ ಮರಗಳ ಬೇರು ಉಸಿರುಗಟ್ಟುತ್ತಿರುವುದನ್ನು ತೋರಿಸಿಕೊಟ್ಟರು. ಅದಕ್ಕೆ ಅವರು ಸೂಚಿಸಿದ ಪರಿಹಾರ: ಒಮ್ಮುಖ ಸಂಚಾರದ ಬಳಸುದಾರಿ, ಅದರಿಂದ ಓರೆಯಾಗಿ ಕವಲೊಡೆಯುವ ಒಂದೊಂದು ಪುಟ್ಟ ನಿಲುಗಡೆ. ಹಳೆಯ ಕ್ಯಾಂಪ್‌ಗ್ರೌಂಡ್‌ಗಳು ಇಂದಿಗೂ ಬಹುಮಟ್ಟಿಗೆ ಇದೇ ವಿನ್ಯಾಸದಲ್ಲಿವೆ. ಆ ಕವಲುಗಳು ಅಂದಿನ ಕಾರಿನ ಅಳತೆಗೆ ಮಾಡಿದಂಥವು. ವಾಹನ ಬೆಳೆದಿದೆ, ಮರಗಳೂ ಬೆಳೆದಿವೆ; ಜಾಗ ಮಾತ್ರ ಬೆಳೆದಿಲ್ಲ.

ಮೊದಲು ಟೇಪು ಹಿಡಿಯಿರಿ

ಬಾಡಿಗೆ ಕಂಪನಿಯವರು ಹೇಳುವ '25 ಅಡಿ', '30 ಅಡಿ' ಎಂಬುದು ವರ್ಗದ ಹೆಸರು, ಅಳತೆಯಲ್ಲ. ಬುಕ್ ಮಾಡುವಾಗಲೇ ಮುಂದಿನ ಬಂಪರಿನಿಂದ ಹಿಂದಿನ ಬಂಪರಿನವರೆಗೆ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಗಾಡಿ ಕೈಗೆ ಬಂದ ದಿನ ನೀವೇ ಅಳೆಯಿರಿ. ಮೈಗುಂಟ ಟೇಪು ಹಿಡಿದರೆ ಅದು ಜೋಲುತ್ತದೆ, ಕನ್ನಡಿಗೆ ಸಿಕ್ಕಿಕೊಳ್ಳುತ್ತದೆ. ಅದರ ಬದಲು ಒಂದು ದಾರಕ್ಕೆ ಭಾರದ ನಟ್ಟು ಕಟ್ಟಿ, ವಾಹನದ ತೀರಾ ಮುಂದಿನ ತುದಿಯಿಂದ ಇಳಿಬಿಡಿ. ಅದು ನೆಲ ಮುಟ್ಟುವ ಕಡೆ ಸೀಮೆಸುಣ್ಣದ ಗುರುತು ಹಾಕಿ. ಹಿಂದೆಯೂ ಹಾಗೆಯೇ. ಎರಡು ಗುರುತುಗಳ ನಡುವೆ ನೆಲದ ಮೇಲೆ ಅಳೆದರೆ ಸಿಗುವುದೇ ನಿಜವಾದ ಉದ್ದ. ಹಿಂದಿನ ಏಣಿ, ಸ್ಟೆಪ್ನಿ, ಸೈಕಲ್ ಸ್ಟ್ಯಾಂಡ್ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಎರಡು ಸೈಕಲ್ ತೂಗಿಹಾಕಿದರೆ ಎರಡು ಮೂರು ಅಡಿ ಸುಲಭವಾಗಿ ಕೂಡಿಕೊಳ್ಳುತ್ತದೆ.

ಹೆಚ್ಚು ಜನ ಎಡವುವುದು ಟ್ರೈಲರ್ ವಿಷಯದಲ್ಲಿ. ಮಾಡೆಲ್ ಹೆಸರಿನಲ್ಲಿರುವ 24 ಎಂಬ ಸಂಖ್ಯೆ ಅನೇಕ ಸಲ ಒಳಗಿನ ಕೋಣೆಯ ಉದ್ದ. ಮುಂದೆ ಚಾಚಿಕೊಂಡಿರುವ ಹಿಚ್‌ನ (ಎಳೆಯುವ ಗಾಡಿಗೆ ಸಿಕ್ಕಿಸುವ ಕೊಂಡಿ) ಭಾಗವೇ ಮೂರರಿಂದ ನಾಲ್ಕು ಅಡಿ ಇರುತ್ತದೆ. ಅಂದರೆ '24' ಎಂದು ಹೆಸರಿಟ್ಟ ಟ್ರೈಲರ್ ನೆಲದ ಮೇಲೆ 27-28 ಅಡಿ. ಅಪ್ಪರ್ ಪೈನ್ಸ್‌ನ ಮಿತಿಗೆ ಅದು ಹೊರಗೆ.

ಇನ್ನೆರಡು ಅಳತೆಗಳನ್ನೂ ಬರೆದಿಟ್ಟುಕೊಳ್ಳಿ: ಹಿಂದಿನ ಚಕ್ರದ ನಡುವಿನಿಂದ ಹಿಂದಿನ ತುದಿಗೆ ಎಷ್ಟು, ಸ್ಲೈಡ್‌ಔಟ್ (ಪಕ್ಕಕ್ಕೆ ಜಾರಿ ಹೊರಬಂದು ಕೋಣೆಯನ್ನು ಅಗಲ ಮಾಡುವ ಭಾಗ) ಪೂರ್ತಿ ಹೊರಗೆ ಚಾಚಿದಾಗ ಒಟ್ಟು ಅಗಲ ಎಷ್ಟು.

ಮಿತಿ ಯಾವುದನ್ನು ಎಣಿಸುತ್ತದೆ?

ಯೊಸೆಮಿಟಿಯಲ್ಲಿ ಮೋಟರ್‌ಹೋಮ್‌ಗೂ ಟ್ರೈಲರ್‌ಗೂ ಬೇರೆಬೇರೆ ಸಂಖ್ಯೆ ಕೊಟ್ಟಿದ್ದಾರೆ. ಇನ್ನು ಕೆಲವು ಕಡೆ ಎಳೆಯುವ ಗಾಡಿಯನ್ನೂ ಸೇರಿಸಿ ಒಟ್ಟು ಉದ್ದ ಎಣಿಸುತ್ತಾರೆ. ನಾಲ್ಕು ಬಾಗಿಲಿನ ಪಿಕಪ್ ಟ್ರಕ್ಕೇ ಸುಮಾರು 19 ಅಡಿ. 27 ಅಡಿಯ ಟ್ರೈಲರ್ ಸೇರಿದರೆ 46. ಹಾಗಾಗಿ ಆಯಾ ಕ್ಯಾಂಪ್‌ಗ್ರೌಂಡ್‌ನ ಪುಟವನ್ನು ಪೂರ್ತಿ ಓದಿ, ಸ್ಪಷ್ಟವಿಲ್ಲದಿದ್ದರೆ ಫೋನ್ ಮಾಡಿ ಕೇಳಿ. ಸೈಟು ಬುಕ್ ಮಾಡುವ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಪ್ರತಿ ಸೈಟಿನ ವಿವರದಲ್ಲಿ ವಾಹನದ ಗರಿಷ್ಠ ಉದ್ದ, ಡ್ರೈವ್‌ವೇ ಉದ್ದ ಎಂದು ಎರಡು ಸಂಖ್ಯೆ ಕಂಡರೆ ಚಿಕ್ಕದನ್ನೇ ನಂಬಿ.

ಸಂಖ್ಯೆ ಸರಿಯಾಗಿ ಹೊಂದಿತು ಎಂದು ಖುಷಿಪಡಬೇಡಿ. ನಿಮ್ಮ ಉದ್ದಕ್ಕಿಂತ ಕನಿಷ್ಠ ಮೂರು ಅಡಿ ಹೆಚ್ಚಿರುವ ಸೈಟನ್ನೇ ಹಿಡಿಯಿರಿ. ನೆಲ ಇಳಿಜಾರಾಗಿದ್ದರೆ ಲೆವೆಲಿಂಗ್ ಬ್ಲಾಕ್ ಮೇಲೆ ಚಕ್ರ ಹತ್ತಿಸಲು ಹಿಂದೆ ಮುಂದೆ ಆಡುವಷ್ಟು ಜಾಗ ಬೇಕು. ವಾಹನದ ಮೂತಿ ದಾರಿಗೆ ಚಾಚಿಕೊಂಡಿದ್ದರೆ ರೇಂಜರ್ (ಉದ್ಯಾನದ ಕಾವಲು ಸಿಬ್ಬಂದಿ) ಎಬ್ಬಿಸಿ ಕಳಿಸುತ್ತಾರೆ. ಹಿಂಭಾಗವನ್ನು ಚಕ್ರದ ತಡೆಗಟ್ಟೆಯ ಆಚೆಗೆ ಚಾಚಿ ನಿಲ್ಲಿಸುವವರಿದ್ದಾರೆ. ಅಲ್ಲಿ ಗಿಡ, ಕಂಬ, ಬಂಡೆ ಇಲ್ಲದಿದ್ದರಷ್ಟೇ ಅದು ಸಾಧ್ಯ; ಅದನ್ನು ನಂಬಿ ಬುಕ್ ಮಾಡುವುದು ತಪ್ಪು.

ಪುಲ್-ಥ್ರೂ ಸೈಟಾದರೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬರಬಹುದು. ಹೊಸಬರಿಗೆ ಇದೇ ಸರಿ. ಹಿಮ್ಮುಖವಾಗಿ ಒಳಗೆ ಹೋಗಬೇಕಾದ ಬ್ಯಾಕ್-ಇನ್ ಸೈಟು ಅನಿವಾರ್ಯವಾದರೆ, ಚಾಲಕ ಎಡಗಡೆ ಕೂರುವ ಅಮೆರಿಕದಲ್ಲಿ ದಾರಿಯ ಎಡಕ್ಕೆ ಇರುವ ಸೈಟನ್ನು ಆರಿಸಿ. ತಿರುಗುವ ಹಿಂಭಾಗ ಎಡಗನ್ನಡಿಯಲ್ಲೇ ಕಾಣುತ್ತಿರುತ್ತದೆ. ಬಲಗಡೆಯ ಸೈಟಿನಲ್ಲಿ ಅದು ಕಣ್ಮರೆಯಾಗುತ್ತದೆ.

ದಾರಿಯನ್ನೂ ಅಳೆಯಬೇಕು. ಗ್ಲೇಸಿಯರ್ ಉದ್ಯಾನದ ಗೋಯಿಂಗ್-ಟು-ದ-ಸನ್ ರಸ್ತೆಯಲ್ಲಿ ಅವಲಾಂಚ್ ಮತ್ತು ರೈಸಿಂಗ್ ಸನ್ ಕ್ಯಾಂಪ್‌ಗ್ರೌಂಡ್‌ಗಳ ನಡುವೆ 21 ಅಡಿಗಿಂತ ಉದ್ದದ ಅಥವಾ ಕನ್ನಡಿ ಸೇರಿ 8 ಅಡಿಗಿಂತ ಅಗಲದ ವಾಹನಕ್ಕೆ ಪ್ರವೇಶವಿಲ್ಲ. 25 ಅಡಿಯ ಆರ್‌ವಿಗೆ ಎರಡೂ ಬದಿಯಲ್ಲಿ ಸೈಟು ಸಿಕ್ಕಿದರೂ ಒಂದರಿಂದ ಇನ್ನೊಂದಕ್ಕೆ ಹೋಗಲು ಉದ್ಯಾನದ ದಕ್ಷಿಣಕ್ಕೆ ಸುತ್ತುಹಾಕಿ ಯುಎಸ್ 2 ಹೆದ್ದಾರಿ ಹಿಡಿಯಬೇಕು.

ತಲುಪಿದ ಮೇಲೆ

ಹೊತ್ತು ಮುಳುಗುವ ಮುಂಚೆ ತಲುಪಿ. ಎಂಜಿನ್ ನಿಲ್ಲಿಸಿ, ಇಳಿದು ಸೈಟಿನ ಸುತ್ತ ನಡೆಯಿರಿ. ತಲೆಯೆತ್ತಿ ಕೊಂಬೆಗಳನ್ನೂ ನೋಡಿ. ಮಾಡಿನ ಮೇಲಿನ ಎಸಿಗೆ ಮೊದಲು ತಗಲುವುದು ಅವೇ. ಸ್ಲೈಡ್‌ಔಟ್ ತೆರೆಯುವ ಬದಿಯಲ್ಲಿ ಮರಕ್ಕೂ ವಾಹನಕ್ಕೂ ನಡುವೆ ಮೂರೂವರೆ ಅಡಿ ಉಳಿಯುತ್ತದೆಯೇ ನೋಡಿ. ಇದು ವಾಹನ ಒಳಗೆ ಹೋದ ಮೇಲೆ ನೋಡುವ ಕೆಲಸವಲ್ಲ.

ಸಹಾಯಕರು ಎಡ ಹಿಂಬದಿಯಲ್ಲಿ, ಚಾಲಕನ ಕನ್ನಡಿಯಲ್ಲಿ ಕಾಣುವಂತೆ ನಿಲ್ಲಬೇಕು. ಕನ್ನಡಿಯಲ್ಲಿ ಅವರು ಕಾಣದ ಕ್ಷಣವೇ ಬ್ರೇಕ್ ಒತ್ತಬೇಕು. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಕೈಸನ್ನೆಗಳನ್ನು ಮೊದಲೇ ಮಾತಾಡಿಕೊಳ್ಳಿ. ಟ್ರೈಲರ್ ಹಿಮ್ಮುಖ ಹೋಗುವಾಗ ಸ್ಟಿಯರಿಂಗ್‌ನ ಕೆಳಭಾಗವನ್ನು ಹಿಡಿಯಿರಿ: ಕೈ ಎಡಕ್ಕೆ ಹೋದರೆ ಟ್ರೈಲರ್‌ನ ಹಿಂಭಾಗವೂ ಎಡಕ್ಕೆ. ಟ್ರೈಲರ್ ಎಳೆಯುವ ಗಾಡಿಯ ಕಡೆಗೆ ಮಡಚಿಕೊಳ್ಳುವಂತೆ ಕಂಡರೆ ಹಿಮ್ಮುಖದಲ್ಲೇ ಸರಿಪಡಿಸಲು ಹೋಗದೆ ಮುಂದಕ್ಕೆ ಎಳೆದು ನೇರ ಮಾಡಿಕೊಳ್ಳಿ. ಮೋಟರ್‌ಹೋಮ್‌ನಲ್ಲಿ ಅಪಾಯ ಬೇರೆ: ಹೊರಡುವಾಗ ಎಡಕ್ಕೆ ಗಕ್ಕನೆ ತಿರುಗಿಸಿದರೆ ಹಿಂದಿನ ಚಕ್ರದಾಚೆಗಿನ ಭಾಗ ಬಲಕ್ಕೆ ಬೀಸಿ ಕಂಬಕ್ಕೆ ಬಡಿಯುತ್ತದೆ. ಹಿಂದಿನ ಚಕ್ರ ಕಂಬ ದಾಟಿ ಮುಂದೆ ಬರುವವರೆಗೂ ನೇರವಾಗಿ ಬನ್ನಿ.

ಟ್ರೈಲರ್ ಆದರೆ ಹಿಚ್ ಬಿಚ್ಚುವ ಮುಂಚೆಯೇ ರಸಮಟ್ಟ ಇಟ್ಟು ಎಡಬಲ ಸಮ ಮಾಡಿ. ಆಮೇಲೆ ಚಕ್ರಗಳಿಗೆ ಹಿಂದೆ ಮುಂದೆ ಚಾಕ್ (ಉರುಳದಂತೆ ಇಡುವ ತಡೆಗಟ್ಟೆ) ಕೊಟ್ಟು, ನಂತರವೇ ಹಿಚ್ ಬಿಚ್ಚಿ, ಮುಂಭಾಗದ ಜ್ಯಾಕ್‌ನಿಂದ ಉದ್ದದ ಮಟ್ಟ ಸರಿಮಾಡಿ. ಈ ಕ್ರಮ ತಪ್ಪಿದರೆ ಟ್ರೈಲರ್ ಉರುಳಿ ಹೋಗಬಹುದು.

ಎಷ್ಟು ಮಾಡಿದರೂ ಹಿಡಿಸದಿದ್ದರೆ ಹಿಂಬದಿಯನ್ನು ಪೊದೆಗೆ ತುರುಕಬೇಡಿ. ಕ್ಯಾಂಪ್‌ಗ್ರೌಂಡ್ ಕಚೇರಿಗೆ ಹೋಗಿ ನಿಮ್ಮ ಅಳತೆಯ ಚೀಟಿ ತೋರಿಸಿ, ಬೇರೆ ಸೈಟಿಗೆ ಬದಲಿಸಲು ಸಾಧ್ಯವೇ ಎಂದು ಕೇಳಿ. ಸೈಟು ಖಾಲಿ ಇಲ್ಲದಿದ್ದರೆ ಉದ್ಯಾನದ ಹೊರಗಿನ ಖಾಸಗಿ ಆರ್‌ವಿ ಪಾರ್ಕ್‌ಗಳೇ ಗತಿ. ಅವುಗಳ ಫೋನ್ ನಂಬರನ್ನು ಸಿಗ್ನಲ್ ಇರುವಾಗಲೇ ಬರೆದಿಟ್ಟುಕೊಂಡಿರಿ.