ಜೂಲಿಯ ಕೊನೆಯ ಖರ್ಚಿನ ಲೆಕ್ಕ

ನಾನು ದಾವಣಗೆರೆ ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿಯೊಂದರ ಗುಮಾಸ್ತ. ಮೆಕ್ಕೆಜೋಳದ ತೂಕ, ತೇವಾಂಶ, ಹಮಾಲಿ, ಎಲ್ಲ ಬರೆದಿಡೋದೇ ಹೊಟ್ಟೆಪಾಡು. ನಮ್ಮ ಲ್ಯಾಬ್ರಡಾರ್ ನಾಯಿ ಜೂಲಿ ಹೋದ ದಿನವೂ ಕೈ ಸುಮ್ನೆ ಇರಲಿಲ್ಲ, ಲೆಕ್ಕ ಬರೆದೆ.

ಕಿಡ್ನಿ ಕೆಟ್ಟಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಉಸಿರು ನಿಂತಿತು. ಮೈ ಸೆಟೆದುಕೊಳ್ಳುವ ಮುಂಚೆ ಕಾಲು ಮಡಚಿಬಿಡಿ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅದರಂತೆ ಮಲಗಿದ ಹಾಗೆ ಮಡಚಿ, ಹಳೇ ಹತ್ತಿ ಸೀರೆ ಸುತ್ತಿ, ಹೊಟ್ಟೆ ಬೇಗ ಉಬ್ಬುತ್ತೆ ಅಂತ ಅಲ್ಲಿಗೆ ಐಸ್ ಇಟ್ಟೆವು. ಐಸ್‌ಗೆ 200 ರೂಪಾಯಿ.

ನಮ್ಮಲ್ಲಿ ಮನುಷ್ಯರನ್ನೇ ಹೂಳೋದು, ಸುಡೋದಿಲ್ಲ. ಜೂಲಿಯನ್ನೂ ಹೂಳೋಣ ಅಂತಲೇ ಇತ್ತು. ಆದರೆ ನಮ್ಮದು ಬಾಡಿಗೆ ಮನೆ, ಅಂಗಳಕ್ಕೆಲ್ಲ ಸಿಮೆಂಟು. ಚಿಕ್ಕಪ್ಪನ ಗದ್ದೆ ಭದ್ರಾ ನಾಲೆ ಕೆಳಗೆ. ಆಗಷ್ಟೇ ಭತ್ತದ ನಾಟಿ ಆಗಿತ್ತು, ಎರಡು ಅಡಿ ತೋಡಿದರೆ ನೀರು. ಎತ್ತರದ ಜಾಗ ಅಂದರೆ ಕಣ, ಅಲ್ಲಿ ಪಕ್ಕದಲ್ಲೇ ಕುಡಿಯುವ ನೀರಿನ ಬೋರು. ಮೇಲೆ ಮೇಲೆ ಹೂತರೆ ಬೀದಿನಾಯಿಗಳು ಎಳೆದು ಹಾಕುತ್ತವೆ. ಇನ್ನು ಸುಡೋದೇ.

ಬೆಂಗಳೂರಲ್ಲಿ ಸಾಕುಪ್ರಾಣಿ ಸುಡೋ ಒಂದು ಕಡೆಗೆ ಫೋನ್ ಮಾಡಿದೆ. ಮೊದಲ ಪ್ರಶ್ನೆಯೇ ‘ತೂಕ ಎಷ್ಟು?’ ಎರಡನೆಯದು ‘ಬೂದಿ ಬೇಕಾ?’ ಬೇರೆ ಪ್ರಾಣಿಗಳ ಜೊತೆ ಸುಟ್ಟರೆ 3,500, ಬೂದಿ ಸಿಗಲ್ಲ. ಒಂದನ್ನೇ ಸುಟ್ಟು ಬೂದಿ ಕೊಟ್ಟರೆ 7,000. ಇದು ಸರಿಯಾದ ವ್ಯತ್ಯಾಸವೇ. ಒಂದಕ್ಕೋಸ್ಕರ ಇಡೀ ಒಲೆ ಕಾಯಿಸಬೇಕಲ್ವಾ. ಆದರೆ ಇಲ್ಲಿಂದ ಹೋಗಿಬರೋಕೆ 530 ಕಿಲೋಮೀಟರ್. ಬಾಡಿಗೆ ಕಾರು ಕಿಲೋಮೀಟರಿಗೆ 13ರಂತೆ 6,890, ಡ್ರೈವರ್ ಬತ್ತಾ 500. ಸುಡೋದಕ್ಕಿಂತ ದಾರಿ ಖರ್ಚೇ ಜಾಸ್ತಿ. ಅಲ್ಲಿಗೆ ಆ ಆಸೆ ಬಿಟ್ಟೆ.

ಚಿಕ್ಕಪ್ಪನ ಗದ್ದೆ ಹತ್ತಿರವೇ ಸುಡೋದು ಅಂತಾಯಿತು. ಅಲ್ಲಿಗೆ ಲಗೇಜ್ ಆಟೊ 1,200ಕ್ಕೆ ಒಪ್ಪಿತು. ದಾರಿಯಲ್ಲೇ ಅಡ್ಡೆಯಲ್ಲಿ 180 ಕೆ.ಜಿ. ಕಟ್ಟಿಗೆ, ಕೆ.ಜಿ.ಗೆ 9 ರೂಪಾಯಿ: 1,620. ತುಪ್ಪ, ಕರ್ಪೂರ, ಕಾಯಿ ಸೇರಿ 230.

ಗದ್ದೆಗೆ ಹೋಗಿ ಇಳಿಸಿದಾಗ ಚಿಕ್ಕಪ್ಪ ಒಂದು ತುಂಡು ಎತ್ತಿ, ಉಗುರಲ್ಲಿ ತೊಗಟೆ ಕೆರೆದರು. ಒಳಗೆ ಹಸಿರು.

‘ಏನಲೇ, ಹಸಿ ಕಟ್ಟಿಗೆ ತಂದೀಯಲ್ಲ! ಮೆಕ್ಕೆಜೋಳ ಆದ್ರೆ ಹಿಂಗೆ ತಗಂತಿದ್ಯಾ?’

ನಾಚಿಕೆಯಾಯಿತು. ದಿನಾ ಕಾಳು ಹಲ್ಲಲ್ಲಿ ಕಡಿದು ತೇವ ಹೇಳೋನು ನಾನು. ಅವತ್ತು ಮೂರರಲ್ಲೊಂದು ಪಾಲು ನೀರಿಗೆ ದುಡ್ಡು ಕೊಟ್ಟು ಬಂದಿದ್ದೆ. ಹಚ್ಚಿದರೆ ಬರೀ ಹೊಗೆ, ತುಂಡುಗಳ ತುದಿಯಲ್ಲಿ ನೊರೆ. ಕೊನೆಗೆ ಚಿಕ್ಕಪ್ಪನೇ ದನದ ಕೊಟ್ಟಿಗೆಯ ಅಟ್ಟದಿಂದ ಒಣ ಜಾಲಿ, ಎರಡು ಬುಟ್ಟಿ ಕುಳ್ಳು ಇಳಿಸಿದರು. ಕುಳ್ಳು ಕೆಳಗೆ, ಜಾಲಿ ಅದರ ಮೇಲೆ, ಗಾಳಿ ಆಡೋಕೆ ನಡುವೆ ಸಂದು ಬಿಟ್ಟು ಜೋಡಿಸಿದ ಮೇಲೆ ಬೆಂಕಿ ಹಿಡಿಯಿತು. ಜೂಲಿಯ ನೈಲಾನ್ ಪಟ್ಟಿ, ಕೆಳಗೆ ಹಾಸಿದ್ದ ಪ್ಲಾಸ್ಟಿಕ್ ಎರಡನ್ನೂ ಮೊದಲೇ ತೆಗೆದಿದ್ದೆವು. ಆದರೂ ಐದು ಗಂಟೆ ಹಿಡಿಯಿತು. ಜೊತೆಗಿದ್ದ ಆಳಿಗೆ 500 ಕೊಟ್ಟೆ. ಚಿಕ್ಕಪ್ಪ ಕಟ್ಟಿಗೆಗೆ ದುಡ್ಡು ಮುಟ್ಟಲಿಲ್ಲ.

ಒಟ್ಟು 3,750. ಒಣ ಕಟ್ಟಿಗೆ ನೋಡಿ ತಂದಿದ್ದರೆ ಇನ್ನೂ ಕಮ್ಮಿ ಆಗುತ್ತಿತ್ತು.

ಮಾರನೇ ದಿನ ಬೂದಿ ಆರಿದ ಮೇಲೆ ಮೂಳೆಯ ಚೂರು ಮಾತ್ರ ಆರಿಸಿಕೊಂಡೆವು. ಒಂದು ಹಾರ್ಲಿಕ್ಸ್ ಬಾಟ್ಲಿಯೂ ತುಂಬಲಿಲ್ಲ. ಭಾನುವಾರ ಹರಿಹರಕ್ಕೆ ಹೋಗಿ ಹೊಳೆಗೆ ಬಿಟ್ಟು ಬಂದೆವು. ಬಸ್ಸಲ್ಲಿ ಮಗಳಿಗೆ ಶಕ್ತಿ ಟಿಕೆಟ್, ದುಡ್ಡು ನನ್ನೊಬ್ಬನದೇ. ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ.