ಕೋಲಾರದಿಂದ ಇಂಟರ್ನ್‌ಶಿಪ್‌ಗೆ ಹೊರಟಿದ್ದೀರಾ? ಮೊದಲ ಸ್ಟೈಪೆಂಡ್ ಬರುವವರೆಗೆ ಹೀಗೆ ಮಾಡಿ

ಇಂಟರ್ನ್‌ಶಿಪ್ ಸಿಕ್ಕಿತು ಅಂದ ಕೂಡಲೇ ಎಲ್ಲರೂ ಕೇಳುವುದು ಸ್ಟೈಪೆಂಡ್ ಎಷ್ಟು ಅಂತ. ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಕಡೆಯ ಹುಡುಗರು, ಹುಡುಗಿಯರು ಜಾಸ್ತಿ ಒದ್ದಾಡುವುದು ಅಲ್ಲೇ. ಒಂದನೇ ತಾರೀಕು ಸೇರಿದರೆ ಮೊದಲ ದುಡ್ಡು ಮುಂದಿನ ತಿಂಗಳ ಏಳಕ್ಕೋ ಹತ್ತಕ್ಕೋ ಬರುತ್ತದೆ, ಕೆಲವು ಕಡೆ ಎರಡು ತಿಂಗಳದ್ದು ಸೇರಿಸಿ ಕೊಡುತ್ತಾರೆ, ಇನ್ನು ಕೆಲವರು ಎಲ್ಲಾ ಮುಗಿದ ಮೇಲೆ ನೋಡೋಣ ಅನ್ನುತ್ತಾರೆ. ಅಲ್ಲಿಯವರೆಗೆ ಅಡ್ವಾನ್ಸು, ಬಾಡಿಗೆ, ಊಟ, ಓಡಾಟ ಎಲ್ಲ ಮನೆಯ ದುಡ್ಡಿನಲ್ಲೇ ಆಗಬೇಕು. ಆ ಒಂದೂವರೆ ತಿಂಗಳು ದಾಟಿಸಿದರೆ ಉಳಿದದ್ದು ಹೇಗೋ ನಡೆಯುತ್ತದೆ.

ಹಾಗಾಗಿ ಒಪ್ಪಿಕೊಳ್ಳುವ ಮೊದಲು ಎಚ್‌ಆರ್‌ಗೆ ಫೋನ್ ಮಾಡಿ. "ಮೇಡಂ, ಸ್ಟೈಪೆಂಡ್ ಯಾವ ತಾರೀಕಿಗೆ ಬರುತ್ತೆ? ಪರೀಕ್ಷೆಗೆ ರಜೆ ಹಾಕಿದ್ರೆ ಕಟ್ ಮಾಡ್ತೀರಾ? ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು?" ಇಷ್ಟು ಕೇಳಿ, ಉತ್ತರವನ್ನು ಮೇಲ್‌ನಲ್ಲಿ ಹಾಕಿಸಿಕೊಳ್ಳಿ. ಮೊದಲ ಎರಡು ವಾರ ಮನೆಯಿಂದಲೇ ಕೆಲಸ ಮಾಡಬಹುದಾ ಅಂತಲೂ ಕೇಳಿ ನೋಡಿ. ಕೇಳಿದ್ದಕ್ಕೇ ಆಫರ್ ಕಿತ್ತುಕೊಳ್ಳುವ ಕಂಪನಿ ನಾಳೆ ಸರಿಯಾಗಿ ದುಡ್ಡು ಕೊಡುತ್ತದೆ ಅಂತ ನನಗಂತೂ ನಂಬಿಕೆ ಇಲ್ಲ. ಇನ್ನು ಟ್ರೈನಿಂಗ್ ಫೀಸು, ಸರ್ಟಿಫಿಕೇಟ್ ಫೀಸು ಅಂತ ನಿಮ್ಮಿಂದಲೇ ದುಡ್ಡು ಕೇಳುವವರ ಹತ್ತಿರ ಮಾತೇ ಬೇಡ.

ಈಗ ದೊಡ್ಡ ಖರ್ಚಿಗೆ ಬರೋಣ. ವೈಟ್‌ಫೀಲ್ಡ್ ಕಡೆ ಮೂವರು ಇರುವ ಪಿಜಿ ರೂಮಿಗೇ ಏಳೆಂಟು ಸಾವಿರ ಕೇಳುತ್ತಾರೆ, ಮೇಲೆ ಅಡ್ವಾನ್ಸು, ಬಿಡುವಾಗ ಮೇಂಟೆನೆನ್ಸ್ ಅಂತ ಅದರಲ್ಲೂ ಒಂದಿಷ್ಟು ಹಿಡಿದುಕೊಳ್ಳುತ್ತಾರೆ. ಸ್ಟೈಪೆಂಡ್ ಎಂಟು ಸಾವಿರ ಇದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು ಅಲ್ವಾ? ಅದಕ್ಕೇ ನಾನು ಹೇಳುವುದು, ಮೊದಲ ತಿಂಗಳು ಊರಿಂದಲೇ ಓಡಾಡಿ. ಸ್ಟೈಪೆಂಡ್ ಕೈಗೆ ಬಂದ ಮೇಲೆ, ಕೆಲಸ ಹೇಗಿದೆ ಅಂತಲೂ ಗೊತ್ತಾದ ಮೇಲೆ ಪಿಜಿ ನೋಡಿ.

ಓಡಾಡುವುದಕ್ಕೆ ನಮ್ಮ ಜಿಲ್ಲೆಗೆ ಒಂದು ಅನುಕೂಲ ಇದೆ. ಬಂಗಾರಪೇಟೆ, ಮಾಲೂರು, ವೈಟ್‌ಫೀಲ್ಡ್, ಕೆಆರ್ ಪುರ, ಎಲ್ಲಾ ಒಂದೇ ರೈಲು ದಾರಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳು ನಡೆದಿದ್ದೇ ಈ ರೈಲಿನಲ್ಲಿ ದಿನಾ ಬೆಂಗಳೂರಿಗೆ ಹೋಗಿ ಬರುವವರ ಸಂಬಳದಲ್ಲಿ. 2023ರ ಮಾರ್ಚ್‌ನಿಂದ ವೈಟ್‌ಫೀಲ್ಡ್ ಸ್ಟೇಷನ್ ಪಕ್ಕದಲ್ಲೇ ಮೆಟ್ರೊ ಕೂಡ ಇದೆ. ದಿನಾ ಟಿಕೆಟ್ ತೆಗೆದುಕೊಳ್ಳಬೇಡಿ, ತಿಂಗಳ ಸೀಸನ್ ಪಾಸ್ ಮಾಡಿಸಿ, ತುಂಬಾ ಕಡಿಮೆಗೆ ಆಗುತ್ತದೆ. ಅದರ ಜೊತೆ ಗುರುತಿನ ಚೀಟಿ ಇರಲಿ, ರಿಸರ್ವ್ ಬೋಗಿ ಹತ್ತಬೇಡಿ, ದಂಡ ಬಿದ್ದರೆ ಉಳಿಸಿದ್ದೆಲ್ಲ ಹೋಗುತ್ತದೆ. ಹುಡುಗಿಯರಿಗೆ ಶಕ್ತಿ ಯೋಜನೆ ಇದ್ದೇ ಇದೆ. 2023ರ ಜೂನ್ 11ರಿಂದ ಕೆಎಸ್‌ಆರ್‌ಟಿಸಿ, ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಫ್ರೀ, ಎಸಿ ಮತ್ತು ಐಷಾರಾಮಿ ಬಸ್ಸಿಗೆ ಮಾತ್ರ ಇಲ್ಲ. ಮುಳಬಾಗಿಲಿನ ಹುಡುಗಿಗೆ ಹೈವೇಯಲ್ಲಿ ಬರುವ ಬಸ್ಸೇ ರೈಲಿಗಿಂತ ಸುಲಭ. ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲೋ ಬನ್ನೇರುಘಟ್ಟ ರಸ್ತೆಯಲ್ಲೋ ಇದ್ದರೆ ಮಾತ್ರ ಈ ಲೆಕ್ಕ ಬಿಡಿ, ದಿನಾ ಹೋಗಿ ಬರಲು ಆಗುವುದಿಲ್ಲ. ಹಾಸ್ಟೆಲ್‌ನಲ್ಲಿ ಇರುವವರು ರಾತ್ರಿ ತಡವಾಗುವ ವಿಷಯವನ್ನು ವಾರ್ಡನ್‌ಗೆ ಮೊದಲೇ ಪತ್ರ ಕೊಟ್ಟು ತಿಳಿಸಿ.

ಎಲ್ಲರೂ ಬೆಂಗಳೂರಿಗೇ ಓಡುತ್ತಾರೆ. ಡಿಪ್ಲೊಮಾ, ಇಂಜಿನಿಯರಿಂಗ್ ಓದುವವರು ನರಸಾಪುರ, ವೇಮಗಲ್, ಮಾಲೂರು ಇಂಡಸ್ಟ್ರಿಯಲ್ ಏರಿಯಾಗಳಲ್ಲೂ ಕೇಳಿ. ಕಂಪನಿ ಬಸ್ಸು, ಕ್ಯಾಂಟೀನ್ ಊಟ ಇದ್ದರೆ ಅಲ್ಲಿನ ಆರು ಸಾವಿರ ಬೆಂಗಳೂರಿನ ಹನ್ನೆರಡಕ್ಕೆ ಸಮ. ಬಿಕಾಂನವರಿಗೆ ಕೋಲಾರದಲ್ಲೇ ಆಡಿಟರ್ ಆಫೀಸುಗಳಿವೆ. ಕೊಡುವುದು ಕಡಿಮೆ, ಆದರೆ ಮನೆ ಊಟ ಮಾಡಿ ಕೆಲಸ ಕಲಿಯಬಹುದು.

ಸರ್ಕಾರದ ಯೋಜನೆಗಳ ವಿಷಯದಲ್ಲಿ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪಿಎಂ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ 5,000, ಜೊತೆಗೆ ಒಮ್ಮೆ ಮಾತ್ರ 6,000 ಕೊಡುತ್ತದೆ ಅಂತ ಬಂತಲ್ಲ, ಅದು ಪೂರ್ಣಾವಧಿ ಕಾಲೇಜಿಗೆ ಹೋಗುತ್ತಿರುವವರಿಗೆ ಮಾಡಿದ್ದಲ್ಲ. ಕೋರ್ಸ್ ಮುಗಿದ ಮೇಲೆ ಅಪ್ರೆಂಟಿಸ್‌ಶಿಪ್, ಅಂದರೆ ಕಾಯ್ದೆ ಪ್ರಕಾರ ಸ್ಟೈಪೆಂಡ್ ಕೊಟ್ಟು ಕೆಲಸ ಕಲಿಸುವ ತರಬೇತಿ, ನೋಡಿ. 2019ರ ನಿಯಮದಲ್ಲೇ ಪದವೀಧರರಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ಅಂತ ಹಾಕಿದ್ದರು. ಇಂಟರ್ನ್‌ಶಿಪ್‌ಗೆ ಅಂಥ ಕನಿಷ್ಠ ಮಿತಿಯೇ ಇಲ್ಲದ್ದರಿಂದ ಕಂಪನಿಗಳು ಮನಸ್ಸಿಗೆ ಬಂದಷ್ಟು ಕೊಡುತ್ತವೆ.

ಮನೆಯಲ್ಲಿ ಕೇಳುವ ರೀತಿಯೂ ಮುಖ್ಯ. ಟೊಮೇಟೊ ರೇಟು ಬಿದ್ದಿರುವ ವಾರ ಅಪ್ಪನ ಮುಂದೆ ಹೋಗಿ ಹದಿನೈದು ಸಾವಿರ ಬೇಕು ಅಂದರೆ ಅವರಾದರೂ ಎಲ್ಲಿಂದ ತರುತ್ತಾರೆ? ಯಾವ ತಾರೀಕಿಗೆ ಎಷ್ಟು ಬೇಕು ಅಂತ ಒಂದು ಚೀಟಿಯಲ್ಲಿ ಬರೆದು ತಿಂಗಳ ಮೊದಲೇ ತೋರಿಸಿ. ಹಾಲು ಹಾಕುವ ಮನೆಯಾದರೆ ಪ್ರತಿ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪ ಎತ್ತಿಡಲು ಅಮ್ಮನಿಗೆ ಹೇಳಿ. ರೇಷ್ಮೆ ಗೂಡಿನ ಮನೆಯಾದರೆ ಗೂಡು ಮಾರುವ ಹೊತ್ತು ನೋಡಿಕೊಂಡು ಕೇಳಿ. ಸ್ಕಾಲರ್‌ಶಿಪ್ ಬಂದರೆ ಒಳ್ಳೆಯದು, ಆದರೆ ಅದನ್ನು ನಂಬಿ ಬಾಡಿಗೆ ಒಪ್ಪಿಕೊಳ್ಳಬೇಡಿ. ಆ ದುಡ್ಡು ಬರಬೇಕಾದ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಆಧಾರ್ ಜೋಡಣೆ) ಆಗಿದೆಯಾ ಅಂತ ಮಾತ್ರ ಈಗಲೇ ಹೋಗಿ ವಿಚಾರಿಸಿ. ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳನ್ನು ಮೊಬೈಲ್‌ಗೆ ಹಾಕಿಕೊಳ್ಳಲೇಬೇಡಿ, ಮೂರು ಸಾವಿರದ ಸಾಲಕ್ಕೆ ನಿಮ್ಮ ನೆಂಟರಿಗೆಲ್ಲ ಫೋನ್ ಹೋಗುತ್ತದೆ.

ಇನ್ನೊಂದು. ಸ್ಟೈಪೆಂಡ್‌ನಲ್ಲಿ ನೂರಕ್ಕೆ ಹತ್ತು ರೂಪಾಯಿ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಅಂತ ಹಿಡಿದಿದ್ದರೆ ಅದು ಹೋದ ದುಡ್ಡು ಅಂದುಕೊಳ್ಳಬೇಡಿ. ವರ್ಷದ ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಪ್ಯಾನ್ ನಂಬರ್ ಕಂಪನಿಗೆ ಸರಿಯಾಗಿ ಕೊಟ್ಟಿರಿ, ಜುಲೈ ಹೊತ್ತಿಗೆ ರಿಟರ್ನ್ ಹಾಕಿ.